ಜೊತೆಗೆ ಬಂದ ಭಾಬಿಯ ಸಂದರ್ಶನ

ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಲಕ್ಷ್ಮೇಶ್ವರದಲ್ಲಿ ಅಣ್ಣನದು ಗಾದಿ ಹೊಲಿಯುವ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಗದಗದಲ್ಲಿ ಫೋನಿನ ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಕಾಲೇಜಿನ ಗೆಳತಿಯರಿಂದ ಬಂತು. ಅಣ್ಣನನ್ನು ಕೇಳಿದೆ. ಅವನು ಹತ್ತಿ ತುಂಬುತ್ತಲೇ ಹೇಳಿದ: “ಹೋಗು. ಆದ್ರ ಒಬ್ಬಾಕಿ ಬ್ಯಾಡ. ನಿಮ್ಮ ಭಾಬಿನ್ನ ಕರ್ಕೊಂಡು ಹೋಗು.”

ಭಾಬಿ ಅಂದರೆ ಅಣ್ಣನ ಹೆಂಡತಿ. ಯಳವತ್ತಿ ಹಳ್ಳಿಯಲ್ಲಿ ಬೆಳೆದವರು. ಅವರಿಗೆ ಉರ್ದುವಿಗಿಂತ ಕನ್ನಡವೇ ಸಲೀಸು, ಹಾಗಾಗಿ ನಾವಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದೆವು. ಮಾತಾಡುತ್ತಿದ್ದೆವು ಎನ್ನುವುದೂ ಹೆಚ್ಚೇ. ಮನೆಯಲ್ಲಿ ಅವರ ಹೊಲಿಗೆ ಮಷೀನಿನ ಸದ್ದು ಕೇಳುತ್ತಿತ್ತೇ ಹೊರತು ಅವರ ದನಿ ಕೇಳುತ್ತಿದ್ದದ್ದು ಕಡಿಮೆ. ದಿಂಬಿನ ಚೀಲ ಹೊಲಿಯುತ್ತಾ ಇಡೀ ಮಧ್ಯಾಹ್ನ ಕಳೆಯುತ್ತಿದ್ದರು.

ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ತಯಾರಾದೆ. ನನ್ನ ಬಗ್ಗೆ ನಾಲ್ಕು ಸಾಲು, ನನ್ನ ಶಕ್ತಿ, ನನ್ನ ದೌರ್ಬಲ್ಯ, ಮುಂದೆ ಏನಾಗಬೇಕೆಂದಿದ್ದೇನೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದೆ. ಕನ್ನಡದಲ್ಲಿ ಏನಾದರೂ ಕೇಳಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಬೆಟಗೇರಿ ಕಡೆಯ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿತ್ತು ಆ ಆಫೀಸು. ನೀರು ಶುದ್ಧ ಮಾಡುವ ಮಷಿನ್ ಮಾರುವ ಕಂಪನಿ. ಕೆಲವರು ಫೋನ್ ಮಾಡಿ ಗಿರಾಕಿಗಳನ್ನು ಒಪ್ಪಿಸಬೇಕು, ಕೆಲವರು ಮನೆಗೇ ಹೋಗಿ ಮಷಿನ್ ತೋರಿಸಬೇಕು. ಬೆಂಚಿನ ತುಂಬ ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಂದವರು. ಪಕ್ಕದ ಹುಡುಗಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಕಿವಿಗೊಟ್ಟರೆ ನಾನು ಕಲಿತ ಸಾಲುಗಳೇ! ಇಬ್ಬರೂ ಅದೇ ವಿಡಿಯೋ ನೋಡಿದ್ದೆವು.

ಒಳಗೆ ಒಬ್ಬ ಮೇಡಂ. ಮೊದಲು ಗಿರಾಕಿಗಳಿಗೆ ಹೇಳುವ ಮಾತುಗಳಿದ್ದ ಒಂದು ಹಾಳೆ ಕೊಟ್ಟು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿಸಿದರು. ನನ್ನ ಶಕ್ತಿ, ದೌರ್ಬಲ್ಯಗಳನ್ನು ಕೇಳಲೇ ಇಲ್ಲ. ಕೇಳಿದ್ದು, “ಮದುವಿ ಯಾವಾಗ? ಮದುವಿ ಆದ ಮ್ಯಾಲೆ ಕೆಲಸ ಬಿಡ್ತೀರೇನು?” ಎಂದು. ನಾನು ತಡವರಿಸಿ, “ಇಷ್ಟ ಜಲ್ದಿ ಇಲ್ರಿ” ಎಂದೆ. ಸಿಟ್ಟು ಬಂದಿತ್ತು. ಆದರೆ ಅವರು ಅದನ್ನು ಎಲ್ಲ ಹುಡುಗಿಯರಿಗೂ ಕೇಳುತ್ತಿದ್ದರು, ಊರು ಯಾವುದು ಎಂದು ಕೇಳಿದ ಹಾಗೆ.

ಕೊನೆಯ ಪರೀಕ್ಷೆ ಫೋನಿನದು. ಅತ್ತ ಕಡೆ ಕಂಪನಿಯವರೇ ಒಬ್ಬರು ಗಿರಾಕಿಯಂತೆ ಮಾತಾಡುತ್ತಾರೆ, ಇತ್ತ ನಾವು ಮಷಿನ್ ಮಾರಬೇಕು. ಅಂದು ಗಿರಾಕಿಯಾಗಬೇಕಿದ್ದವರು ಬಂದಿರಲಿಲ್ಲ. ಮೇಡಂ ಬಾಗಿಲಿನಾಚೆ ನೋಡಿದರು.

“ಆ ಬುರ್ಖಾ ಹಾಕ್ಕೊಂಡು ಕುಂತಾರಲ್ಲ, ಯಾರವರು?”

“ನಮ್ಮ ಭಾಬಿ ರೀ. ನನ್ನ ಜೋಡಿ ಬಂದಾರ.”

ಮೇಡಂ ಎದ್ದು ಹೋಗಿ, “ಅಕ್ಕಾರ, ಹತ್ತು ನಿಮಿಷ ನಮಗ ಗಿರಾಕಿ ಆಗ್ರಿ” ಎಂದರು. ಭಾಬಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ನನಗೆ ಒಳಗೊಳಗೇ ಖುಷಿ, ಭಾಬಿಯಲ್ಲವೇ, ಹೂಂ ಎಂದು ಮುಗಿಸುತ್ತಾರೆ ಎಂದುಕೊಂಡೆ.

ಅವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದರು. ಮೇಡಂಗೂ ಕೇಳುವಂತೆ ಸ್ಪೀಕರ್ ಹಾಕಿ ನಾನು ಫೋನ್ ಹಚ್ಚಿ ಹಾಳೆಯಲ್ಲಿದ್ದದ್ದನ್ನು ಶುರು ಮಾಡಿದೆ. “ನಮಸ್ಕಾರ, ತಮ್ಮೊಂದಿಗೆ ಎರಡು ನಿಮಿಷ ಮಾತನಾಡಬಹುದೇ?”

“ಒಲಿ ಮ್ಯಾಲೆ ಹಾಲು ಇಟ್ಟೇನಿ. ಜಲ್ದಿ ಹೇಳ್ರಿ.”

ನಾನು ಹೇಳುತ್ತಾ ಹೋದೆ. ಹಂತಹಂತವಾಗಿ ಶುದ್ಧೀಕರಣ, ಒಂದು ವರ್ಷದ ಗ್ಯಾರಂಟಿ, ಉಚಿತ ಜೋಡಣೆ. ಉಸಿರು ತೆಗೆದುಕೊಳ್ಳಲು ನಿಂತಾಗ ಅತ್ತಲಿಂದ ಪ್ರಶ್ನೆ ಬಂತು.

“ನಮ್ಮಲ್ಲಿ ನಳಾ ವಾರಕ್ಕೊಮ್ಮೆ ಬರತೈತಿ. ನೀರ ಬರಲಾರದ ದಿನ ನಿಮ್ಮ ಮಷಿನ್ ಏನ ಮಾಡತೈತಿ?”

“ಅದು... ಹಂತಹಂತವಾಗಿ ಶುದ್ಧೀಕರಿಸುತ್ತದೆ.”

“ನೀರ ಇಲ್ಲಂದ ಮ್ಯಾಲೆ ಏನ ಶುದ್ಧ ಮಾಡ್ತೀರಿ? ಅದಿರ್ಲಿ, ಕರೆಂಟ್ ಹೋದ್ರ? ಕೆಟ್ರ ರಿಪೇರಿಗೆ ನಮ್ಮೂರಿಗೆ ಯಾರ ಬರ್ತಾರ? ನಮ್ಮ ಅತ್ತಿ ಮಷಿನ್ ನೀರು ಸಪ್ಪಗ ಅಂತಾರ, ಅವರಿಗೆ ಏನ ಹೇಳ್ಲಿ?”

ಹಾಳೆ ತಿರುವಿದೆ, ಹಿಂದೆ ಖಾಲಿ. ಮತ್ತೆ ಗ್ಯಾರಂಟಿಯ ಸಾಲನ್ನೇ ಓದಿದೆ.

“ಹಾಲು ಉಕ್ಕಿತ್ರಿ. ಇಡ್ತೇನಿ,” ಎಂದು ಭಾಬಿ ಫೋನ್ ಕತ್ತರಿಸಿಯೇ ಬಿಟ್ಟರು.

ಮೇಡಂ ಮೇಜಿಗೆ ತಲೆಯಿಟ್ಟು ನಕ್ಕರು. ನಗು ನಿಂತ ಮೇಲೆ ಭಾಬಿಯನ್ನು ಕರೆದು, “ಈಗ ನೀವು ಮಾರ್ರಿ, ನಾ ಗಿರಾಕಿ” ಎಂದರು.

“ನಾ ಕೆಲಸಕ್ಕ ಬಂದಾಕಿ ಅಲ್ರಿ.”

“ಸುಮ್ನ ಆಟ ಅಂತ ತಿಳೀರಿ.”

ಭಾಬಿ ಹಾಳೆ ಮುಟ್ಟಲಿಲ್ಲ. ಮನೆಯಲ್ಲಿ ಎಷ್ಟು ಜನ, ಕುಡಿಯುವ ನೀರು ಎಲ್ಲಿಂದ ತರುತ್ತೀರಿ, ಕೊಡ ಹೊರುವವರು ಯಾರು ಎಂದು ಕೇಳಿದರು. ಮೇಡಂ ಆಟವೆಂಬುದನ್ನು ಮರೆತು ತಮ್ಮ ಮನೆಯ ಕಥೆಯನ್ನೇ ಹೇಳತೊಡಗಿದರು, ಕ್ಯಾನ್ ಎತ್ತಿ ಎತ್ತಿ ಬೆನ್ನು ನೋವು ಬಂದದ್ದನ್ನೂ ಸೇರಿಸಿ. ಎಲ್ಲ ಕೇಳಿಸಿಕೊಂಡು ಭಾಬಿ ಹೇಳಿದರು: “ಕ್ಯಾನ್ ಎತ್ತಾಕ ಬ್ಯಾರೆ ಯಾರರ ಇದ್ರ ನಿಮಗ ಇದು ಬ್ಯಾಡ್ರಿ. ಇಲ್ಲಂದ್ರ ಒಮ್ಮೆ ತಂದು ತೋರಸ್ತೇನಿ. ನೀರ ಕುಡದ ನೋಡಿ ಆಮ್ಯಾಲೆ ಹೇಳ್ರಿ.”

ಸಂಜೆಯ ಹೊತ್ತಿಗೆ ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ನನಗೆ ಹೇಳಿದರು, “ಓದು ಛಲೋ ಐತಿ, ದನೀನೂ ಛಲೋ ಐತಿ. ಆದ್ರ ನೀ ಎದರಿನವರ ಮಾತು ಕೇಳಂಗಿಲ್ಲ. ಕಲ್ತು ಮತ್ತ ಬಾ.” ಭಾಬಿಗೆ ಮನೆಮನೆಗೆ ಹೋಗಿ ತೋರಿಸುವ ಕೆಲಸ ಕೊಡುತ್ತೇನೆಂದರು. ಏನನ್ನೂ ಮುಚ್ಚಿಡಲಿಲ್ಲ. ಬಿಸಿಲಲ್ಲಿ ತಿರುಗಬೇಕು, ಮುಖದ ಮೇಲೆ ಬಾಗಿಲು ಹಾಕುತ್ತಾರೆ, ತಿಂಗಳಿಗೆ ಇಷ್ಟು ಮಾರಲೇಬೇಕು, ಮಾರದಿದ್ದರೆ ಮೇಲಿನವರು ಬೈಯುತ್ತಾರೆ ಎಂದೆಲ್ಲ ಹೇಳಿದರು. ಭಾಬಿ, “ಮನ್ಯಾಗ ಕೇಳಿ ಹೇಳ್ತೇನ್ರಿ” ಎಂದರು.

ವಾಪಸು ಬಸ್ಸಿನಲ್ಲಿ ನಾನು ಕಿಟಕಿಗೆ ಮುಖ ಹಚ್ಚಿ ಕೂತೆ. ಭಾಬಿ ಪೇರಲ ಹಣ್ಣು ಕೊಂಡು ನನ್ನ ಕೈಗಿಟ್ಟರು. “ಅಳಬ್ಯಾಡ. ನಾ ಏನ ಹೋಗೂದಿಲ್ಲ” ಎಂದರು.

“ನಾ ಅಳಾಕತ್ತಿಲ್ಲ,” ಎಂದೆ. ಅಳುತ್ತಿದ್ದೆ. ಅಷ್ಟು ದಿನ ಬಾಯಿಪಾಠ ಮಾಡಿದವಳು ನಾನು. ನನ್ನ ಜೊತೆಗೆ ಸುಮ್ಮನೆ ಬಂದವರಿಗೆ ಕೆಲಸ! ಊರು ಹತ್ತಿರ ಬಂದ ಮೇಲೆ ಕೇಳಿದೆ, “ಹೋಗಬೇಕು ಅನಸ್ತೈತೋ ಇಲ್ಲೋ? ಖರೆ ಹೇಳ್ರಿ.”

“ಅನಸ್ತೈತಿ. ಲಗ್ನ ಆಗಿ ಬಂದ ಮ್ಯಾಲೆ ಇವತ್ತ ಮೊದಲ ಸಲ ಒಬ್ಬರು ನನ್ನ ಮಾತು ಪೂರಾ ಕೇಳಿದ್ರು.”

ಆ ಒಬ್ಬರು ನಾನಾಗಿರಲಿಲ್ಲ. ಒಂದೇ ಮನೆಯಲ್ಲಿ ಉಂಡು ಮಲಗುವವಳು ನಾನು. ಪೇರಲ ಹಣ್ಣನ್ನು ಮುರಿದು ಅರ್ಧ ಅವರಿಗೆ ಕೊಟ್ಟೆ.

ಮನೆಗೆ ಬಂದಾಗ ಅಣ್ಣ, “ಏನಾತು?” ಎಂದ. ಭಾಬಿ ಅಡುಗೆಮನೆಗೆ ಹೊರಟಿದ್ದರು. ನಾನೇ ಹೇಳಿದೆ, “ಕೆಲಸ ಸಿಕ್ಕೈತಿ. ನನಗಲ್ಲ, ಭಾಬಿಗೆ.” ಅವನು ಚೇಷ್ಟೆ ಎಂದುಕೊಂಡು ನಕ್ಕ. ಆಮೇಲೆ ನಗು ಹೋಯಿತು. “ಮಂದಿ ಬಾಗಲಕ್ಕ ಹೋಗಿ ನಿಂದ್ರೂದು?”

“ನಿಮ್ಮ ಅಂಗಡಿ ಬಾಗಲಕ್ಕೂ ಮಂದಿ ಬರ್ತಾರಲ್ಲ, ಭಾಯಿ,” ಎಂದೆ. ಅವನು ಎದ್ದು ಅಂಗಡಿಗೆ ಹೋದ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಗೋಡೆ ನೋಡುತ್ತಾ ಹೇಳಿದ: “ಈ ಊರಾಗ ಬ್ಯಾಡ. ಗುರುತಿನವರು ನಾಕ ಮಾತ ಆಡ್ತಾರ.”

ಅಡುಗೆಮನೆಯಿಂದ ಭಾಬಿಯ ದನಿ ಬಂತು. “ಹಂಗಾದ್ರ ಶಿರಹಟ್ಟಿ, ಮುಂಡರಗಿ ಕೊಡ್ರಿ ಅಂತ ಕೇಳ್ತೇನಿ.”

ಅಣ್ಣ ಬೆರಗಾಗಿ ಆ ಕಡೆ ತಿರುಗಿದ. “ಆತು. ಒಂದ ತಿಂಗಳ ನೋಡೂಣು.”

ಭಾಬಿ ಕೆಲಸಕ್ಕೆ ಸೇರಿ ತಿಂಗಳು ಕಳೆಯಿತು, ಅಣ್ಣ ಮತ್ತೆ ಆ ಮಾತೆತ್ತಲಿಲ್ಲ. ನಾನು ಸಂದರ್ಶನಗಳಿಗೆ ಹೋಗುತ್ತಲೇ ಇದ್ದೆ. ಒಂದು ಕಡೆ ಇಂಗ್ಲಿಷ್ ಸಾಲದಾಯಿತು, ಇನ್ನೊಂದು ಕಡೆ ರಾತ್ರಿ ಪಾಳಿ ಎಂದದ್ದಕ್ಕೆ ನಾನೇ ಎದ್ದು ಬಂದೆ. ಸಂಜೆ ಭಾಬಿ ರೊಟ್ಟಿ ಬಡಿಯುತ್ತಾ ಗಿರಾಕಿಯಾಗಿ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ನಡುವೆ ಬಾಯಿ ಹಾಕಿದರೆ, “ನಂದಿನ್ನೂ ಮುಗದಿಲ್ಲ” ಎಂದು ಹಿಟ್ಟು ಹತ್ತಿದ ಕೈ ತೋರಿಸುತ್ತಿದ್ದರು.

ಕೊನೆಗೆ ಗದಗದಲ್ಲೇ ಪಾರ್ಸೆಲ್ ತಲುಪಿಸುವ ಕಂಪನಿಯ ಕಾಲ್ ಸೆಂಟರಿಗೆ ಹೋದೆ. ಟೈಪಿಂಗ್ ಆಯಿತು, ಓದಿಸಿದ್ದಾಯಿತು. ಫೋನಿನ ಪರೀಕ್ಷೆಯಲ್ಲಿ ಕಂಪನಿಯ ಒಬ್ಬ ಗಂಡಸು ಗಿರಾಕಿಯಾಗಿ ಕೂಗಾಡಿದರು. ಮದುವೆಗೆಂದು ತರಿಸಿದ ಸೀರೆ ಬಂದಿಲ್ಲ, ನೀವೆಲ್ಲ ಕಳ್ಳರು! ಅವರಿಗೆ ಉಸಿರು ಮುಗಿಯುವ ತನಕ ಕೇಳಿದೆ. ಆಮೇಲೆ, “ಮದುವಿ ಯಾವತ್ತೈತ್ರಿ?” ಎಂದೆ. ಆ ಪ್ರಶ್ನೆಗೆ ಅವರು ಉತ್ತರ ಯೋಚಿಸಿಕೊಂಡಿರಲಿಲ್ಲ. “ಆಂ... ನಾಡಿದ್ದು” ಎಂದರು, ಅರ್ಧ ದನಿಯಲ್ಲಿ. ನನಗೆ ಕೆಲಸವಾಯಿತು.

ಈಗ ಭಾಬಿಯೂ ನಾನೂ ದಿನವಿಡೀ ಮಾತಾಡಿ, ಬೈಸಿಕೊಂಡು ಮನೆಗೆ ಬರುತ್ತೇವೆ. ಕೆಲವು ದಿನ ಇಬ್ಬರಿಗೂ ಬಾಯಿ ತೆರೆಯಲು ಮನಸ್ಸಿರುವುದಿಲ್ಲ. ಊಟಕ್ಕೆ ಕೂತಾಗ ಅಣ್ಣನೇ ಗಾದಿ, ಹತ್ತಿ, ಅಂದು ಬಂದು ಹೋದವರು ಎಂದು ಹೇಳುತ್ತಾ ಹೋಗುತ್ತಾನೆ. ನಾವು ಉಣ್ಣುತ್ತಾ ಕೇಳುತ್ತೇವೆ.