ತಪ್ಪಾಯ್ತಪ್ಪನ ತಪ್ಪು

"ಆ ಆಸಾಮಿಯ ಕಾಲು ತುಳಿದು ನೋಡಿ," ಎನ್ನುತ್ತಿದ್ದರು ಅಕ್ಕಪಕ್ಕದವರು, "ನೀವು ಬಾಯಿ ತೆರೆಯೋದರೊಳಗೆ ಅವನೇ 'ನನ್ನ ಕಾಲು ಅಡ್ಡ ಬಂತು, ತಪ್ಪಾಯ್ತು' ಅಂತಾನೆ." ಎದುರುಮನೆ ಅಜ್ಜಿಯಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಆತ ಬಾಗಿಲಿಗೆ ಹಣೆ ಬಡಿಸಿಕೊಂಡು, ಬಾಗಿಲನ್ನೇ ಕ್ಷಮೆ ಕೇಳಿದ್ದನ್ನು ಕಣ್ಣಾರೆ ಕಂಡೆ ಎಂದು ಆಣೆ ಹಾಕುತ್ತಿದ್ದಳು. ಹುಟ್ಟಿದಾಗ ಇಟ್ಟ ಹೆಸರು ಎಲ್ಲೋ ಮೂಲೆ ಸೇರಿತು. ಬೀದಿಗೆಲ್ಲ ಆತ ತಪ್ಪಾಯ್ತಪ್ಪನಾದ.

ತಪ್ಪಾಯ್ತಪ್ಪ ಹೊಲಿಗೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಶಾಲೆಗೆ, ಆಸ್ಪತ್ರೆಗೆ ಸಮವಸ್ತ್ರ ಹೊಲಿದುಕೊಡುವ ಕಾರ್ಖಾನೆ ಅದು. ಉದ್ದನೆಯ ಒಂದೇ ಹಜಾರ, ಎರಡು ಸಾಲು ಯಂತ್ರ, ಕಿಟಕಿಯ ಪಕ್ಕದಲ್ಲಿ ಆತನ ಮೇಜು. ಬಟ್ಟೆ ಹರವಿ, ಸೀಮೆಸುಣ್ಣದಲ್ಲಿ ಗೀಟೆಳೆದು, ಕತ್ತರಿಸಿ, ಗುಂಡಿ ಬರುವಲ್ಲೆಲ್ಲ ಚುಕ್ಕೆ ಇಡುವುದು ಆತನ ಕೆಲಸ. ಆ ಚುಕ್ಕೆಯ ಮೇಲೆ ಗುಂಡಿ ತೂರಿಸುವ ಕಾಜಾ ಹೊಲಿಯುವವಳು ಆತನ ನಾದಿನಿ, ಹೆಂಡತಿಯ ತಂಗಿ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆ ಸೇರಿದ್ದಳು. ಆ ಮನೆಯಾದರೂ ಕಾರ್ಖಾನೆಯ ಬೆನ್ನಿಗಂಟಿದ ಎರಡು ಕೋಣೆ. ಮಾಸ್ಟರ್ ಆಗಿರುವವರೆಗೆ ಇರಬಹುದು, ಕೆಲಸ ಬಿಟ್ಟ ದಿನ ಬೀಗದ ಕೈ ಕೊಡಬೇಕು.

ಮೊದಲೇನೂ ಆತ ಹೀಗಿರಲಿಲ್ಲ. ಪ್ರಾಯದಲ್ಲಿ ಮೂಗಿನ ತುದಿಯಲ್ಲೇ ಕೋಪ. "ನನ್ನ ಕತ್ತರಿ ತಪ್ಪಿದ್ದು ತೋರಿಸಿ, ಮೀಸೆ ಬೋಳಿಸ್ಕೊತೀನಿ" ಎಂದು ಹಜಾರವೆಲ್ಲ ಕೇಳುವಂತೆ ಕೂಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಒಂದು ದಿನ ಹೆಂಡತಿ, "ಈ ಅಂಗಿಯ ತೋಳು ಸ್ವಲ್ಪ ಗಿಡ್ಡ ಆಯ್ತೇನೋ?" ಎಂದಳು. ಅಷ್ಟೇ. ಕೈಯಲ್ಲಿದ್ದ ಕತ್ತರಿ ಹಾರಿತು. ಅವಳ ಹುಬ್ಬಿನ ಮೇಲೆ ಬಿಳಿ ಗೀರೊಂದು ಉಳಿಯಿತು. ಅವಳು ಕ್ಷಮಿಸಿದಳು. ಆತನಿಗೇ ತನ್ನನ್ನು ಕ್ಷಮಿಸಲಾಗಲಿಲ್ಲ.

ಆ ವಾರ ಪ್ರಾರ್ಥನಾ ಮಂದಿರದ ಕೊನೆಯ ಬೆಂಚಿನಲ್ಲಿ ಕೂತು ಕೇಳಿದ. ಕ್ರಿಸ್ತನ ಹಿಂದೆ ನಡೆಯುವವನು ತನ್ನನ್ನು ತಾನು ಬದಿಗೆ ಸರಿಸಿ ನಡೆಯಬೇಕು ಎಂದು ಪಾಸ್ಟರು ಹೇಳುತ್ತಿದ್ದರು. ಆತ ಅದನ್ನು ಬಟ್ಟೆಯ ಅಳತೆಯಂತೆ ಚಾಚೂ ತಪ್ಪದೆ ಹಿಡಿದ. ಇನ್ನು ಮೇಲೆ ನನ್ನ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ, ಯಾರು ಏನು ದೂರಿದರೂ ತಲೆಬಾಗಿ ಹೊರುತ್ತೇನೆ ಎಂದು ಪಣ ತೊಟ್ಟ. ಸುಲಭವಾಗಿತ್ತೆಂದು ತಿಳಿಯಬೇಡಿ. ಮೊದಲ ವರ್ಷ ಗಂಟಲಿಗೆ ಬಂದ ಮಾತನ್ನು ನುಂಗಿ ನುಂಗಿ ಊಟ ಸೇರುತ್ತಿರಲಿಲ್ಲ. ಎರಡನೆಯ ವರ್ಷ ಸಲೀಸಾಯಿತು. ಮೂರನೆಯ ವರ್ಷ ರುಚಿ ಹತ್ತಿತು.

ಆ ರುಚಿಯ ಸುದ್ದಿ ಆತನಿಗೇ ಗೊತ್ತಾಗಲಿಲ್ಲ, ನೋಡಿ. "ದೀನತೆ ಹೇಗಿರತ್ತೆ ಅಂತ ದೂರ ಹುಡುಕಬೇಡಿ, ನಮ್ಮ ಕೊನೆಯ ಬೆಂಚಿನ ಕಡೆ ತಿರುಗಿ" ಎಂದು ಪಾಸ್ಟರು ಪ್ರಸಂಗದ ನಡುವೆ ಹೇಳಿದಾಗ ಆತ ತಲೆ ಬಗ್ಗಿಸುತ್ತಿದ್ದ. ಬಗ್ಗಿಸಿದ ತಲೆಯ ಎರಡೂ ಕಿವಿ ಮಾತ್ರ ಬೆಚ್ಚಗಾಗುತ್ತಿದ್ದವು.

ಹೀಗಿರುವಾಗ ಕಾಜಾ ತಪ್ಪತೊಡಗಿತು. ಒಂದು ಬಟ್ಟೆಯಲ್ಲಿ ಚುಕ್ಕೆಯ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಗುಂಡಿ ಹಾಕಿದರೆ ಅಂಗಿ ಸೊಟ್ಟ. ಯಜಮಾನರು ಕೈತುಂಬ ಅಂಗಿ ತಂದು ಮೇಜಿನ ಮೇಲೆ ಕುಕ್ಕಿದರು.

"ಏನಯ್ಯಾ ಇದು? ಆಸ್ಪತ್ರೆಯವರು ಹಿಂದಕ್ಕೆ ಕಳಿಸಿದಾರೆ."

ಆತ ನಾದಿನಿಯ ಕಡೆ ನೋಡಿದ. ಅವಳ ಮುಖ ಬಿಳಿಚಿತ್ತು. "ಚುಕ್ಕೆ ನಾನೇ ತಪ್ಪಾಗಿ ಇಟ್ಟಿದ್ದು ಯಜಮಾನ್ರೇ. ತಪ್ಪಾಯ್ತು," ಎಂದ.

ಒಂದು ಸಲವಲ್ಲ, ಎರಡು ವರ್ಷ ಹೀಗೇ ನಡೆಯಿತು. ಯಜಮಾನರು ಪಾಪ, ಸೀಮೆಸುಣ್ಣ ಬದಲಾಯಿಸಿದರು, ಅಳತೆಪಟ್ಟಿ ಬದಲಾಯಿಸಿದರು, ಕಿಟಕಿಗೆ ದೊಡ್ಡ ಗಾಜು ಹಾಕಿಸಿದರು. ಕಾಜಾದವಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗಲೂ, ಲೋಟ ಬೀಳಿಸಿದಾಗಲೂ ಆತ ಓಡಿಬಂದು, "ಅಡ್ಡ ಇಟ್ಟಿದ್ದು ನಾನೇ" ಎನ್ನುತ್ತಿದ್ದ. ಪಕ್ಕದಲ್ಲಿ ಕರೆದು "ಏನಾಗಿದೆ ನಿನಗೆ?" ಎಂದು ಒಂದು ಮಾತು ಕೇಳಲಿಲ್ಲ. ಕೇಳಿದರೆ ಹೊರೆ ಇಳಿಸಬೇಕಾಗುತ್ತಿತ್ತು, ಹೊರೆ ಇಳಿಸಲು ಆತನಿಗೆ ಮನಸ್ಸಿರಲಿಲ್ಲ.

ಕೊನೆಗೆ ಒಂದು ದಿನ ಅವಳು ಬಿಸಿ ಇಸ್ತ್ರಿಪೆಟ್ಟಿಗೆಯ ಮೇಲೆ ಅಂಗೈ ಊರಿದಳು. ಕೈಗೆ ಮದ್ದು ಹಚ್ಚಿದ ಡಾಕ್ಟರಮ್ಮ ಅನುಮಾನದಿಂದ ಕಣ್ಣು ಪರೀಕ್ಷಿಸಿದರು. ಕಣ್ಣಿನೊಳಗೆ ಒತ್ತಡ ಏರಿ ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿಗೆ ನೇರ ಎದುರಿನದಷ್ಟೇ ಕಾಣುತ್ತಿತ್ತು. "ಎರಡು ವರ್ಷ ಮುಂಚೆ ಬಂದಿದ್ರೆ ಎರಡೂ ಉಳಿಯೋದು," ಎಂದರು ಅವರು. "ಈಗ ಬೇಗ ದೊಡ್ಡ ಆಸ್ಪತ್ರೆಗೆ ಹೋಗಿ. ಆಪರೇಷನ್ ಆಗಬೇಕು. ತಿಂಗಳಾನುಗಟ್ಟಲೆ ಅಲ್ಲೇ ಇದ್ದು ಹನಿ ಹಾಕಿಸ್ಕೋಬೇಕು."

ಎರಡು ವರ್ಷ! ಮನೆಗೆ ಬಂದವನೇ ಆತ ನಾದಿನಿಯ ಮುಂದೆ ನಿಂತು ಕೈಮುಗಿದ. "ತಪ್ಪಾಯ್ತಮ್ಮಾ."

ಅವಳು ನಕ್ಕಳು. ಅಂಥ ನಗು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಕಾಲು ತುಳಿದವರಿಗೂ ಅದೇ ಮಾತು, ಬಾಗಿಲಿಗೂ ಅದೇ ಮಾತು. ನನ್ನ ಕಣ್ಣಿಗೂ ಅದೇನಾ ಭಾವ? ಬೇರೆ ಮಾತು ಇಲ್ವಾ ನಿಮ್ಮ ಹತ್ರ?" ಆಮೇಲೆ ಗೋಡೆಯ ಕಡೆ ತಿರುಗಿ ಅಕ್ಕನಿಗೆ ಹೇಳಿದಳು: "ದೊಡ್ಡ ಆಸ್ಪತ್ರೆಗೆ ನೀನು ಬಾ ಅಕ್ಕಾ. ಅವರು ಬರೋದು ಬೇಡ."

ಅಂದಿನಿಂದ ಆತ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕತ್ತರಿಯ ಬಾಯಿಗೆ ಬಟ್ಟೆ ಕೊಡುವುದು ಮರೆತು ಬರೀ ಗಾಳಿಯನ್ನು ಕತ್ತರಿಸುತ್ತಿದ್ದ. ಊಟಕ್ಕೆ ಕೂತು ಎದ್ದುಹೋಗುತ್ತಿದ್ದ. ಪ್ರಾರ್ಥನೆಗೆ ಮೊಣಕಾಲೂರಿದರೆ, ಅಭ್ಯಾಸದ ಅದೇ ಮಾತು ಬಾಯಿಗೆ ಬಂದು, ನಾಚಿಕೆಯಾಗಿ ಮೇಲೇಳುತ್ತಿದ್ದ. ಬೀದಿಯ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ಅಲೆದು ಪಾಸ್ಟರ ಬಾಗಿಲು ತಟ್ಟಿದ.

"ದೀನನಾಗಿರಬೇಕು ಅಂತಲೇ ಅಲ್ವಾ ಅಯ್ಯನೋರೇ ನಾನು ಹೊತ್ತಿದ್ದು?"

ಪಾಸ್ಟರು ಆತನನ್ನು ಒಳಗೆ ಕರೆದು ಕೂರಿಸಿದರು. "ದೀನತೆ ಅಂದ್ರೆ ಸುಳ್ಳು ಹೇಳೋದು ಅಂತ ನಾನು ಯಾವತ್ತಾದ್ರೂ ಹೇಳಿದ್ನೇನಯ್ಯಾ? ನೀನು ಹೊತ್ತಿದ್ದು ಅವಳ ಹೊರೆಯಲ್ಲ. ನಿನ್ನ ಒಳ್ಳೇತನ ಹೊತ್ಕೊಂಡು ಮೆರೆಸಿದೆ." ಗಲ್ಲ ಕೆರೆದುಕೊಂಡು ಸೇರಿಸಿದರು: "ಮೆರವಣಿಗೆಗೆ ಪೀಠದ ಮೇಲಿಂದ ವಾಲಗ ಊದಿದವನು ನಾನು. ನಾನೂ ಕ್ಷಮೆ ಕೇಳ್ಕೋಬೇಕು ಅವಳ ಹತ್ರ."

ಆತ ಮನೆಗೆ ಬಂದು ನಾದಿನಿಯ ಬಾಗಿಲಲ್ಲಿ ನಿಂತ. ಈ ಸಲ ಕೈಮುಗಿಯಲಿಲ್ಲ. "ನಾನೇನು ಮಾಡಿದ್ರೆ ನೀನು ನಂಬ್ತೀಯ?"

"ಕಾಜಾ ತಪ್ಪಿಸಿದ್ದು ನಾನು. ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೂ ನಾನು. ನನ್ನ ತಪ್ಪು ನನಗೆ ವಾಪಸ್ ಕೊಡಿ. ಎಲ್ಲರ ಮುಂದೆ."

ಇದನ್ನೊಂದು ಬಿಟ್ಟು ಬೇರೇನು ಕೇಳಿದ್ದರೂ ಆತ ಕೊಡುತ್ತಿದ್ದ. ಬೆಳಿಗ್ಗೆ ಯಂತ್ರಗಳು ಶುರುವಾಗುವ ಮೊದಲು ಹಜಾರದ ನಡುವೆ ನಿಂತ.

"ಸೊಟ್ಟ ಕಾಜಾಗಳಿಗೆ... ಚುಕ್ಕೆ ನಾನು ಸರಿಯಾಗೇ ಇಟ್ಟಿದ್ದೆ," ಎಂದ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಪ್ಪಾಯ್ತಪ್ಪನ ಬಾಯಲ್ಲಿ ಇಂಥ ಮಾತೇ! "ಅದು ನನ್ನ ತಪ್ಪಲ್ಲ, ನನ್ನ ನಾದಿನಿಯದು. ಅವಳಿಗೆ ಕಾಣ್ತಿರಲಿಲ್ಲ. ಅವಳಿಗೇನೋ ಆಗಿದೆ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ನೀವೆಲ್ಲ ನನ್ನನ್ನ ದೊಡ್ಡ ಮನುಷ್ಯ ಅಂತಿದ್ರಿ, ಅದು ಹಿತವಾಗಿತ್ತು. ಅದಕ್ಕೇ ಹೇಳಲಿಲ್ಲ."

ನಗು ನಿಂತಿತು. ಯಜಮಾನರು ಕೆಂಪಾದರು. "ನಿನ್ನ ಮಾತು ನಂಬ್ಕೊಂಡು ಕಿಟಕಿ ಒಡೆಸಿದೆನಲ್ಲಯ್ಯಾ! ಇನ್ನು ನೀನು ಹೌದು ಅಂದ್ರೆ ಹೌದಾ, ಅಲ್ಲಾ ಅಂದ್ರೆ ಅಲ್ಲವಾ? ಹೇಗೆ ತಿಳ್ಕೊಳ್ಳಲಿ ನಾನು?"

ಕತ್ತರಿ, ಅಳತೆಪಟ್ಟಿ, ಮನೆಯ ಬೀಗದ ಕೈ ಈ ವಾರದಲ್ಲಿ ಒಪ್ಪಿಸುತ್ತೇನೆ ಎಂದಷ್ಟೇ ಆತ ಹೇಳಿದ. ಆಸ್ಪತ್ರೆಯಿದ್ದ ಊರಿನಲ್ಲಿ ಒಬ್ಬ ದರ್ಜಿಯ ಅಂಗಡಿಯಲ್ಲಿ ಅಂಚು ಮಡಿಸುವ ಕೆಲಸ ಸಿಗುವಂತಿತ್ತು, ನಾದಿನಿಯ ಚಿಕಿತ್ಸೆ ಮುಗಿಯುವವರೆಗೆ ಅದರಲ್ಲೇ ಸಂಸಾರ ನಡೆಯಬೇಕಿತ್ತು. ದರ್ಜಿಗೆ ಆತನ ಅರ್ಧ ವಯಸ್ಸು.

ಗಂಟುಮೂಟೆ ಕಟ್ಟುವಾಗ ನಾದಿನಿ ಅಕ್ಕನಿಗೆ ಕೇಳುವಂತೆ ಹೇಳಿದಳು: "ಬರೋದಾದ್ರೆ ಬರಲಿ. ನನ್ನ ಮುಂದೆ ಒಳ್ಳೆಯವರಾಗೋ ಕೆಲಸ ಮಾತ್ರ ಬೇಡ."

"ಕೇಳಿಸ್ತಾ?" ಎಂದಳು ಹೆಂಡತಿ.

"ಕೇಳಿಸ್ತು."

ಹೊರಡುವ ಬೆಳಿಗ್ಗೆ ಬೀದಿಯಲ್ಲಿ ಗಾಡಿ ನಿಂತಿತ್ತು. ಆತ ಖಾಲಿ ಕೋಣೆಗಳಿಗೆ ಮೂರು ಸಲ ಹೋಗಿಬಂದ, ಏನೂ ಉಳಿದಿರಲಿಲ್ಲ. ಹೊಸ್ತಿಲ ಹೊರಗೆ ನಾದಿನಿ ಚೀಲ ಹಿಡಿದು ನಿಂತಿದ್ದಳು.

"ಭಾವ, ಈ ಒಂದು ಕಣ್ಣಾದ್ರೂ ಉಳಿಯತ್ತಾ?"

ಉಳಿಯುತ್ತೆ ಕಣಮ್ಮಾ ಎಂಬ ಮಾತು ನಾಲಿಗೆಯ ತುದಿಗೆ ಬಂತು.

"ಗೊತ್ತಿಲ್ಲ," ಎಂದ.

ಅವಳು ಚೀಲವನ್ನು ಬಲಗೈಗೆ ಬದಲಾಯಿಸಿಕೊಂಡಳು. "ಎಡಗಡೆ ಏನೂ ಕಾಣಲ್ಲ ನನಗೆ. ಈ ಕಡೆ ಬನ್ನಿ."

ಆತ ಸುತ್ತಿ ಬಂದು ಅವಳ ಎಡಕ್ಕೆ ನಿಂತ. ಹೆಂಡತಿ ಬಾಗಿಲೆಳೆದು ಬೀಗ ಹಾಕಿದಳು. ಮೂವರೂ ಗಾಡಿಯ ಕಡೆ ನಡೆದರು.