ಬಣವೆಯ ಅಣಬೆ, ಅಡವಿಯ ಅಣಬೆ

ಸಿರುಗುಪ್ಪದ ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ನರ್ಸ್ ಯಾರನ್ನೂ "ಆರಾಮ ಅದೀರೇನ್ರಿ?" ಎಂದು ಒಂದೇ ಸಲ ಕೇಳಿ ಬಿಟ್ಟವರಲ್ಲ. ಉತ್ತರ ಕೇಳಿ, ಮುಖ ನೋಡಿ, "ಖರೇನ?" ಎನ್ನುತ್ತಿದ್ದರು. ಹತ್ತಿರದ ಕರೂರಿನವರು, ಕೆಲವು ವರ್ಷ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ದುಡಿದು ಬಂದಿದ್ದರು. ಯಾರ ಮನೆಗೂ ಹೋಗಿ ಕೂತವರಲ್ಲ.

ಒಂದು ಮಳೆಗಾಲ ನಾನು ಭತ್ತದ ಹುಲ್ಲಿನ ಬಣವೆಯಲ್ಲಿ ಅರಳಿದ್ದ ಅಣಬೆಗಳನ್ನು ಕಿತ್ತು ತಂದಿದ್ದೆ. ಮೆಟ್ಟಿಲಿಳಿಯುತ್ತಿದ್ದವರು ನಿಂತು, ಒಂದನ್ನೆತ್ತಿ ಅದರ ಬುಡದ ಚೀಲವನ್ನು ಬೆರಳಿನಿಂದ ಸವರಿದರು.

"ಜರ್ಮನಿ ಅಡವ್ಯಾಗ ಹಿಂಗ ಚೀಲ ಇದ್ದ ಅಣಬಿ ಕಂಡ್ವರಿ. ನಮ್ಮ ಬಣವಿವ ಅಂತ ಹಿಗ್ಗಿದೆ. ನಮ್ಮವು ಅರಳಿದ ಮ್ಯಾಲ ಛತ್ರಿ ಒಳಗ ಗುಲಾಬಿ ಆಗ್ತಾವು, ಅವು ಬೆಳ್ಳಗ ಇರ್ತಾವು. ಹೊಳ್ಳಿಸಿ ನೋಡಲಿಲ್ಲ. ಸಾರು ಮಾಡಿಟ್ಟು ಡ್ಯೂಟಿಗೆ ಹೋದೆ. ಜೋಡಿ ಇದ್ದ ಕೇರಳದಾಕಿ ಉಂಡು, ಭಾಳ ರುಚಿ ಐತಿ ಅಂತ ಫೋನ್ ಮಾಡಿದ್ಳು. ಮರುದಿನ ವಾಂತಿ. ಮೂರನೇ ದಿನ ಆರಾಮ ಅದೀನಿ ಅಂತ ನಕ್ಕಳು, ನಾನೂ ನಂಬಿದೆ. ನಾಕನೇ ದಿನ ಕಣ್ಣು ಹಳದಿ ಆದ್ವು. ಉಳೀಲಿಲ್ಲ."

ನನ್ನ ಅಣಬೆಗಳನ್ನು ಒಂದೊಂದಾಗಿ ಹೊರಳಿಸಿ ನೋಡಿ, "ಇವು ನಮ್ಮವ, ಉಣ್ರಿ" ಎಂದು ಬುಟ್ಟಿ ಕೊಟ್ಟರು.

ಆ ರಾತ್ರಿ ನಾವು ಉಂಡೆವು. ಮರುದಿನ ಅವರು ಬಾಗಿಲಿಗೆ ಬಂದು ಕೇಳಿದರು. ಮೂರನೇ ದಿನವೂ ಬಂದಾಗ ನಮ್ಮವ್ವ ನಕ್ಕು, "ಎಲ್ಲಾರೂ ಆರಾಮ ಅದೀವಿ. ಒಳಗ ಬಾರವ್ವ, ಕೂಡು" ಎಂದಳು.

ಅವರು ಹೊಸ್ತಿಲಾಚೆಯೇ ನಿಂತು ಒಬ್ಬೊಬ್ಬರ ಕಣ್ಣನ್ನೂ ನೋಡಿದರು.

"ನಾಳೆ ಬರ್ತೀನ್ರಿ" ಎಂದು ಮೆಟ್ಟಿಲು ಹತ್ತಿದರು.