ಮೇಲಿನ ಪಾಲಿನ ನೀರು

ಎರ್ನಾಕುಳಂ ಜಂಕ್ಷನ್ನಿನಲ್ಲಿ ಬೆಳಗಿನ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರಕ್ಕೆ ನಾನು ಹೊರಟದ್ದು ಜಾಗ ಮಾರಲು. ಕಾಟ್ಟಾಕಡದ ದಾರಿಯಲ್ಲಿ, ಗುಡ್ಡದ ಓರೆಯಲ್ಲಿ, ನಾನೂ ತಮ್ಮ ಶಂಕರನೂ ಸೇರಿ ಕೊಂಡು ಪಾಲು ಮಾಡಿಕೊಂಡ ತುಂಡು ಭೂಮಿ ಅದು. ಬಾವಿಯಿರುವ ಕೆಳಗಿನ ಅರ್ಧ ನನ್ನದು. ಮೇಲಿನ ಅರ್ಧ ಅವನದು, ಅಲ್ಲೊಂದು ಸಣ್ಣ ಮನೆ ಕಟ್ಟಬೇಕೆಂಬುದು ಅವನ ಆಸೆ. ನನಗೋ ಕೊಚ್ಚಿಯ ಬಾಡಿಗೆ ಮನೆಗಳ ಸಹವಾಸ ಸಾಕಾಗಿತ್ತು. ನನ್ನ ಪಾಲು ಮಾರಿ ಅಲ್ಲೇ ಕಾಕ್ಕನಾಡಿನಲ್ಲಿ ಫ್ಲ್ಯಾಟ್ ಕೊಳ್ಳುವವಳಿದ್ದೆ. ಹೈಕೋರ್ಟಿನಲ್ಲಿ ನಮ್ಮ ಕಾಸರಗೋಡಿನವರ ಜಾಗದ ತಕರಾರುಗಳನ್ನು ವಾದಿಸಿ ವಾದಿಸಿ ಮಣ್ಣಿನ ಮೋಹ ಎಂದೋ ಬಿಟ್ಟುಹೋಗಿತ್ತು.

ಸುಮಾರು ಇನ್ನೂರು ಕಿಲೋಮೀಟರಿನ ದಾರಿ, ಮಾರ್ಚ್ ತಿಂಗಳ ಸೆಕೆ. ಕೊಲ್ಲಂನಲ್ಲಿ ಕೊಂಡ ಪಳಂಪೊರಿ, ಎಂದರೆ ಎಣ್ಣೆಯಲ್ಲಿ ಕರಿದ ನಮ್ಮ ಬಾಳೆಹಣ್ಣಿನ ಪೋಡಿ, ಒಂದೇ ಆ ಪ್ರಯಾಣದ ಸುಖ. ತಿರುವನಂತಪುರದ ತಂಬಾನೂರು ನಿಲ್ದಾಣದಿಂದ ಮತ್ತೆ ಸರಕಾರಿ ಬಸ್ಸು.

ಜಾಗ ನೋಡಿದ್ದೇ ಪಿತ್ತ ನೆತ್ತಿಗೇರಿತು. ಕೊಳ್ಳುವವರು ಬರುವ ಮೊದಲು ಜೆಸಿಬಿ ತರಿಸಿ, ಗಿಡಗಂಟಿ ಕೀಳಿಸಿ, ಕೆಂಪು ಮಣ್ಣು ಕಾಣುವಂತೆ ಮಟ್ಟ ಮಾಡಿಸುವುದು ಇಲ್ಲಿನ ಪದ್ಧತಿ. ಪಕ್ಕದವರು ಹಾಗೇ ಮಾಡಿಸಿದ್ದರು. ನಮ್ಮದರಲ್ಲಿ ಕಾಲಿಟ್ಟಲ್ಲೆಲ್ಲ ತರಗೆಲೆ. ತಿರುವನಂತಪುರದ ಸೆಕ್ರೆಟೇರಿಯೇಟಿನಲ್ಲಿ ಕೆಲಸದಲ್ಲಿರುವ ಶಂಕರ ರಜೆ ಸಿಕ್ಕಿದಾಗೆಲ್ಲ ಇಲ್ಲಿಗೆ ಬಂದು ತನ್ನ ಪಾಲಿನಲ್ಲಿ ಇಂಗುಗುಂಡಿ ತೋಡಿದ್ದ, ಓರೆಗೆ ಅಡ್ಡಲಾಗಿ ಲಾವಂಚ ನೆಟ್ಟಿದ್ದ.

"ಎಂತದು ಮಾರಾಯ ಇದು, ಕಾಡಾ? ಶುಚಿ ಮಾಡಿಸು ಅಂತ ಹೇಳಿದ್ದೆ ಅಲ್ವಾ?" ಎಂದೆ, ಗೇಟಿನಲ್ಲಿ ಕಾಯುತ್ತಿದ್ದ ಅವನಿಗೆ.

"ಮೇಲಿನ ಮಣ್ಣು ಒಮ್ಮೆ ಹೋದ್ರೆ ಪುನಃ ಆಗ್ಲಿಕ್ಕೆ ವರ್ಷಗಟ್ಟಲೆ ಬೇಕು ಅಕ್ಕ. ಕೊಳ್ಳುವವರು ನೋಡ್ಲಿ. ಬೇಡ ಅಂದ್ರೆ ಜೆಸಿಬಿ ತರಿಸುವ."

ಕೊಳ್ಳಲು ಬಂದವರು ತೋಮಸ್, ಗಲ್ಫಿನಿಂದ ಊರಿಗೆ ಮರಳಿದವರು. ತರಗೆಲೆಯ ಕಡೆ ಕಣ್ಣೂ ಹಾಯಿಸದೆ ನೇರ ಬಾವಿಗೆ ನಡೆದರು. ಕೊಡಪಾನ ಇಳಿಸಿ, ನೀರು ಸೇದಿ, ಬೊಗಸೆಯಲ್ಲಿ ಕುಡಿದರು. ಆಮೇಲೆ ಶಂಕರನ ಪಾಲಿಗೆ ಹತ್ತಿ ಒಂದೊಂದೇ ಗುಂಡಿ ನೋಡಿ ಬಂದರು.

"ಪಕ್ಕದ ಬಾವಿ ಬತ್ತಿದೆ, ಅವರು ಟ್ಯಾಂಕರ್ ತರಿಸುತ್ತಿದ್ದಾರೆ. ಚೇಚ್ಚಿ ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ," ಎಂದರು ನನ್ನನ್ನು ಅಕ್ಕನೆಂದು ಕರೆದು, ಮಲಯಾಳದಲ್ಲಿ. "ಆದರೆ ಮೇಲಿನ ಪಾಲಿನಲ್ಲಿ ಮನೆ ಕಟ್ಟುವುದಿಲ್ಲ, ಹೀಗೇ ಬಿಡುತ್ತೇನೆ ಅಂತ ತಮ್ಮ ಬರೆದುಕೊಡಬೇಕು. ಈ ನೀರು ನಿಲ್ಲುವುದು ಅಲ್ಲಿಯ ಮಣ್ಣಿನಿಂದ."

ಶಂಕರ ತನ್ನ ಪಾಲಿನ ಕಡೆ ನೋಡಿದ. "ಬರೆದುಕೊಡ್ತೇನೆ ಅಕ್ಕ. ನಿನ್ನ ಫ್ಲ್ಯಾಟ್ ಆಗ್ಲಿ," ಎಂದ.

ಬೆವರು ಸುರಿಸಿದವನು ಅವನು, ಬೆಲೆ ಏರಿದ್ದು ನನ್ನ ಪಾಲಿಗೆ, ಮನೆಯ ಆಸೆ ಬಿಡಬೇಕಾದವನೂ ಅವನೇ. ಜೊತೆಗೆ ವಕೀಲಿ ಬುದ್ಧಿಯೂ ಎಚ್ಚರವಾಯಿತು. ಇಷ್ಟು ದೊಡ್ಡ ಕರಾರು ಕೇಳುವವರಿಗೆ ಈ ಜಾಗ ಮುಂದೆ ಏನು ಬೆಲೆ ಬಾಳುತ್ತದೆಂದು ಚೆನ್ನಾಗಿ ಗೊತ್ತಿದೆ.

"ಕ್ಷಮಿಸಿ, ಮಾರುವುದಿಲ್ಲ," ಎಂದೆ.

ತೋಮಸ್ ನಕ್ಕರು. "ಹತ್ತು ವರ್ಷ ಕಳೆದರೆ ಇದನ್ನು ಕೊಳ್ಳಲು ನನ್ನಿಂದಾಗುವುದಿಲ್ಲ ಚೇಚ್ಚಿ."

"ಅದಕ್ಕೇ ಈಗ ಕೊಡುವುದಿಲ್ಲ."

ಅವರು ಬೇಸರಿಸಲಿಲ್ಲ, ಇನ್ನೊಂದು ಬೊಗಸೆ ನೀರು ಕುಡಿದು ಹೋದರು. ಗೇಟಿನೆದುರೇ ಬಸ್ಸು ನಿಲ್ಲುತ್ತದೆ. ಅಲ್ಲಿ ಕಾಯುವಾಗ ಶಂಕರ ಕೇಳಿದ, "ಹಾಗಾದ್ರೆ ಫ್ಲ್ಯಾಟ್?"

"ಬಾಡಿಗೆ ಮನೆ ನನ್ನನ್ನೇನು ತಿಂದುಹಾಕ್ಲಿಲ್ಲ. ನೀನು ಮನೆ ಕಟ್ಟು, ಗುಡ್ಡ ಕಡಿಯದೆ ಕಂಬದ ಮೇಲೆ ಕಟ್ಟು. ನಂಗೊಂದು ಕೋಣೆ ಇರ್ಲಿ. ಮಳೆಗೆ ಮೊದಲು ನನ್ನ ಪಾಲಿಗೂ ಗುಂಡಿ ಬೇಕು."

ಬಸ್ಸು ಬಂತು. ಅವನು ನನ್ನ ಚೀಲವನ್ನು ಒಳಗಿಟ್ಟು ಇಳಿದ. ಬಸ್ಸು ಹೊರಟು ತಿರುವಿಗೆ ಬಂದಾಗ ಕೈ ಬೀಸೋಣವೆಂದು ಹಿಂತಿರುಗಿದೆ. ಗೇಟಿನ ಬಳಿ ಅವನಿರಲಿಲ್ಲ. ಆಗಲೇ ಹಾರೆ ಹಿಡಿದು ನನ್ನ ಪಾಲಿಗೆ ಇಳಿದಿದ್ದ.